ಹೆಸರು, ಒರೆ, ತೂಕ: ಕಾಣದ ಸರಕಿನ ವ್ಯಾಪಾರವೂ ಅಚೌರ್ಯಾಣುವ್ರತವೂ

ಶ್ರಾವಕನ ಐದು ಅಣುವ್ರತಗಳಲ್ಲಿ ವ್ಯಾಪಾರಸ್ಥನ ದಿನಚರಿಯನ್ನು ಅತ್ಯಂತ ಸಮೀಪದಿಂದ ಮುಟ್ಟುವುದು ಅಚೌರ್ಯಾಣುವ್ರತ. ರಾತ್ರಿ ಕನ್ನ ಹಾಕುವವನನ್ನು ಕಳ್ಳನೆಂದು ಗುರುತಿಸಲು ಶಾಸ್ತ್ರಜ್ಞಾನ ಬೇಕಿಲ್ಲ. ಹಗಲಿನಲ್ಲಿ, ಗಾದಿಯ ಮೇಲೆ ಕುಳಿತು, ಲೆಕ್ಕದ ಪುಸ್ತಕ ತೆರೆದಿಟ್ಟುಕೊಂಡು ನಡೆಯುವ ಕಳವನ್ನು ಗುರುತಿಸುವುದು ಕಷ್ಟ. ಆದ್ದರಿಂದಲೇ ಜೈನಾಚಾರ್ಯರು ಈ ವ್ರತದ ಅತಿಚಾರಗಳನ್ನು ಹೇಳುವಾಗ ಪೇಟೆಯನ್ನೇ ಕಣ್ಣ ಮುಂದಿಟ್ಟುಕೊಂಡಂತೆ ತೋರುತ್ತದೆ.

ಈಗ ಆ ಪೇಟೆಯ ರೂಪ ಬದಲಾಗಿದೆ. ಅಂತರ್ಜಾಲದಲ್ಲಿ ಅಂಗಡಿ ತೆರೆದವನು ಸರಕಿನ ಚಿತ್ರವನ್ನಷ್ಟೇ ತೋರಿಸುತ್ತಾನೆ. ಗಿರಾಕಿ ಬೇಡಿಕೆ ಸಲ್ಲಿಸಿದ ಮೇಲೆ ಅದನ್ನು ಸೂರತ್ತಿನಲ್ಲೋ ತಿರುಪ್ಪೂರಿನಲ್ಲೋ ಇರುವ ಪೂರೈಕೆದಾರನಿಗೆ ಕಳುಹಿಸುತ್ತಾನೆ. ಪೂರೈಕೆದಾರನು ಸರಕನ್ನು ನೇರವಾಗಿ ಗಿರಾಕಿಯ ಮನೆಗೆ ರವಾನಿಸುತ್ತಾನೆ. ಎರಡು ಬೆಲೆಗಳ ನಡುವಿನ ಅಂತರವೇ ಅಂಗಡಿಯವನ ಲಾಭ. ಡ್ರಾಪ್ ಶಿಪ್ಪಿಂಗ್ ಎಂದು ಕರೆಯಲ್ಪಡುವ ಈ ವ್ಯವಹಾರಕ್ಕೆ ಗೋದಾಮು ಬೇಡ, ದೊಡ್ಡ ಬಂಡವಾಳವೂ ಬೇಡ. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೀಶೋ ಸಂಸ್ಥೆಯು ತನ್ನ ಮೊದಲ ವರ್ಷಗಳಲ್ಲಿ, ವಾಟ್ಸಾಪಿನಲ್ಲಿ ಚಿತ್ರ ಹಂಚಿ ಮಾರುವ ಇಂತಹುದೇ ಕ್ರಮವನ್ನು ಸಣ್ಣ ಊರುಗಳ ಗೃಹಿಣಿಯರವರೆಗೂ ತಲುಪಿಸಿತು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಂತಹ ಊರುಗಳಲ್ಲಿ ಕುಳಿತೇ ದೇಶಕ್ಕೆಲ್ಲ ಮಾರುವ ಅವಕಾಶ ತರುಣರಿಗೆ ಇದರಿಂದ ಒದಗಿದೆ.

ಆದರೆ ಇಲ್ಲೊಂದು ಧರ್ಮಸೂಕ್ಷ್ಮವಿದೆ. ಕಣ್ಣಿನಿಂದ ಕಾಣದ, ಕೈಯಿಂದ ಮುಟ್ಟದ ಸರಕಿನಲ್ಲಿ ದೋಷವಿದ್ದರೆ ಅದನ್ನು ಮಾರಿದವನು ಅದಕ್ಕೆ ಹೊಣೆಯೇ?

ಶಾಸ್ತ್ರದ ಉತ್ತರ

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ ಮತ್ತು ಪ್ರತಿರೂಪಕವ್ಯವಹಾರ. ಕಳ್ಳನನ್ನು ಪ್ರೇರೇಪಿಸುವುದು ಮೊದಲನೆಯದು. ಅವನು ತಂದ ವಸ್ತುವನ್ನು ಕೊಳ್ಳುವುದು ಎರಡನೆಯದು. ರಾಜ್ಯದ ನಿಯಮ ಮೀರಿ ವ್ಯವಹರಿಸುವುದು ಮೂರನೆಯದು. ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದು ನಾಲ್ಕನೆಯದು. ನಕಲಿಯನ್ನು ಅಸಲೆಂದು ದಾಟಿಸುವುದು ಐದನೆಯದು.

ಕರ್ನಾಟಕದ ಜೈನಪರಂಪರೆಗೆ ಪೂಜ್ಯರಾದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ಮಾತುಗಳನ್ನು ಬಿಡಿಸಿರುವ ಬಗೆ ಗಮನಾರ್ಹ. ತಾನು ಪ್ರೇರೇಪಿಸದ, ತನ್ನ ಸಮ್ಮತಿಯೂ ಇಲ್ಲದ ಕಳ್ಳನು ತಂದ ವಸ್ತುವನ್ನು ಸ್ವೀಕರಿಸುವುದೇ ತದಾಹೃತಾದಾನವೆಂದು ಅವರು ವಿವರಿಸುತ್ತಾರೆ. ಮೂಲದ ಅಪರಾಧದಲ್ಲಿ ಪಾಲಿಲ್ಲದಿದ್ದರೂ ಅದರ ಫಲವನ್ನು ಪಡೆದವನಿಗೆ ದೋಷ ತಪ್ಪದು ಎಂಬುದು ಇದರ ತಾತ್ಪರ್ಯ. ಬಹುಮೂಲ್ಯದ ವಸ್ತುವನ್ನು ಅಲ್ಪಬೆಲೆಗೆ ಗಿಟ್ಟಿಸುವ ಯತ್ನವನ್ನು ಅವರು ಮೂರನೆಯ ಅತಿಚಾರದ ವಿವರಣೆಯಲ್ಲಿ ಹೇಳುತ್ತಾರೆ; ಪ್ರತಿರೂಪಕಕ್ಕೆ ಕೃತ್ರಿಮ ಚಿನ್ನದ ಉದಾಹರಣೆ ಕೊಡುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಒಳ್ಳೆಯದರೊಡನೆ ಅದನ್ನೇ ಹೋಲುವ ಕೀಳುವಸ್ತುವನ್ನು ಬೆರೆಸುವುದನ್ನು ಸದೃಶಸಮ್ಮಿಶ್ರವೆಂದು ಹೆಸರಿಸಿ ನಿಷೇಧಿಸಿದ್ದಾರೆ.

ಹೀಗಿರುವಾಗ ‘ಸರಕು ನನ್ನದಲ್ಲ, ಕಳುಹಿಸಿದವನದು’ ಎಂಬ ಮಾತು ಶ್ರಾವಕನ ಬಾಯಿಗೆ ಒಪ್ಪುವುದಿಲ್ಲ. ಲಾಭ ತನ್ನದಾದ ಮೇಲೆ ದೋಷವೂ ತನ್ನದೇ. ಆದ್ದರಿಂದ ಕಾಣದ ಸರಕನ್ನು ಮಾರುವವನಿಗೆ ಪೂರೈಕೆದಾರನ ಆಯ್ಕೆಯೇ ವ್ರತಪಾಲನೆಯ ಮೊದಲ ಮೆಟ್ಟಿಲು. ಆ ಆಯ್ಕೆ ಹೇಗಿರಬೇಕೆಂಬುದಕ್ಕೆ ರಾಯಚೂರು ಜಿಲ್ಲೆಯ ಈ ಮೂರು ಊರುಗಳ ಇತಿಹಾಸದಲ್ಲಿಯೇ ಮೂರು ಪಾಠಗಳು ದೊರೆಯುತ್ತವೆ.

ಮಸ್ಕಿಯ ಪಾಠ: ಹೆಸರು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಸಮುದ್ರದಿಂದ ಬಹುದೂರವಿರುವ ಈ ನೆಲದಲ್ಲಿ 1954ರಲ್ಲಿ ಬಿ. ಕೆ. ಥಾಪರ್ ನಡೆಸಿದ ಉತ್ಖನನದಲ್ಲಿ ಬಣ್ಣದ ಕಲ್ಲಿನ ಮಣಿಗಳೊಡನೆ ಚಿಪ್ಪಿನ ಮಣಿಗಳೂ ದೊರೆತವು. ದೂರದ ಸರಕು ಇಲ್ಲಿಗೆ ಬರುವುದು ಇಂದಿನ ಹೊಸ ಸಂಗತಿಯಲ್ಲ.

ಆದರೆ ಮಸ್ಕಿಯನ್ನು ಜಗತ್ತಿಗೆ ಪರಿಚಯಿಸಿದ್ದು ಒಂದು ಬಂಡೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಇಲ್ಲಿ ಕ್ರಿ.ಪೂ. ಮೂರನೆಯ ಶತಮಾನದ ಬ್ರಾಹ್ಮೀ ಶಾಸನವನ್ನು ಕಂಡನು. ಅದುವರೆಗೆ ತಿಳಿದಿದ್ದ ಧರ್ಮಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ಅರಸ ಮೌರ್ಯ ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಪಾಳಿ ಗ್ರಂಥಗಳ ಬಲದಿಂದ ಹೇಳಿದ್ದರು. ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಹೆಸರೇ ದೊರೆತು ಆ ಮಾತು ದೃಢಪಟ್ಟಿತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೊಳಂಗಳಲ್ಲಿಯೂ ಆ ಹೆಸರು ಕಾಣಿಸಿಕೊಂಡಿತು. ಮಾತು ಎಷ್ಟೇ ಹಿತವಾಗಿರಲಿ, ಅದರ ಹಿಂದೆ ನಿಂತವನಾರೆಂಬುದು ಸಂಶಯಾತೀತವಾಗಿ ತಿಳಿಯಬೇಕಾದರೆ ಹೆಸರು ಬೇಕು.

ಕನ್ನಡ ನಾಡಿನ ವರ್ತಕರು ಈ ತತ್ತ್ವವನ್ನು ಚೆನ್ನಾಗಿ ಬಲ್ಲವರಾಗಿದ್ದರು. 634ರಲ್ಲಿ ರವಿಕೀರ್ತಿ ಕಟ್ಟಿಸಿದ ಮೇಗುತಿ ಜಿನಾಲಯದಿಂದ ಪ್ರಸಿದ್ಧವಾದ ಐಹೊಳೆಯೇ ಅಯ್ಯಾವೊಳೆ ಐನೂರ್ವರ ಮೂಲಸ್ಥಾನ. ಆ ವರ್ತಕಸಂಘದ ಹೆಸರು 1088ರಲ್ಲಿ ಸುಮಾತ್ರಾ ದ್ವೀಪದ ತಮಿಳು ಶಾಸನದಲ್ಲಿಯೂ ಕಾಣುತ್ತದೆ. ಕಡಲಾಚೆಯ ಅಪರಿಚಿತರ ನಡುವೆ ಒಬ್ಬೊಬ್ಬ ವರ್ತಕನ ಗುರುತು ಅವನ ಸಂಘದ ಹೆಸರಾಗಿತ್ತು. ಮುಂದಿನ ಕಾಲದ ಹುಂಡಿಗಳಲ್ಲಿ ಶಾಹಜೋಗ್ ಹುಂಡಿ ಎಂಬ ಬಗೆಯೊಂದಿತ್ತು. ಪೇಟೆಯಲ್ಲಿ ಗಣ್ಯನೆನಿಸಿದ ಸಾಹುಕಾರನಿಗೆ ಮಾತ್ರ ಅದರ ಹಣ ಸಲ್ಲುತ್ತಿತ್ತು. ಅಪರಿಚಿತನ ಕೈಯಲ್ಲಿ ಕಾಗದವಿದ್ದರೂ ಹಣ ಸಿಗುತ್ತಿರಲಿಲ್ಲ.

ಇಂದಿನ ವ್ಯಾಪಾರಸ್ಥನೂ ಮೊದಲು ಕೇಳಬೇಕಾದುದು ಪೂರೈಕೆದಾರನ ಹೆಸರನ್ನೇ. ಅವನ ಜಿಎಸ್‌ಟಿ ಸಂಖ್ಯೆಯನ್ನು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಹದಿನೈದು ಅಂಕಿ-ಅಕ್ಷರಗಳ ಆ ಸಂಖ್ಯೆಯ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ: ಕರ್ನಾಟಕಕ್ಕೆ 29, ಗುಜರಾತಿಗೆ 24, ತಮಿಳುನಾಡಿಗೆ 33. ಸೂರತ್ತಿನವನೆಂದು ಹೇಳಿಕೊಂಡವನ ಸಂಖ್ಯೆ ಬೇರೆ ರಾಜ್ಯದ್ದಾಗಿದ್ದರೆ ಕಾರಣ ಕೇಳಬೇಕು. ಬಿಲ್ಲು ಕೊಡಲು ಹಿಂಜರಿಯುವವನು, ವಿಳಾಸದ ಬದಲು ದೂರವಾಣಿ ಸಂಖ್ಯೆಯನ್ನಷ್ಟೇ ಕೊಡುವವನು, ಸರಕು ಕಳುಹಿಸುವ ಮೊದಲೇ ಸದಸ್ಯತ್ವದ ಹಣ ಕೇಳುವವನು, ಇವರಿಂದ ದೂರವಿರುವುದು ಲೇಸು.

ಲಿಂಗಸುಗೂರಿನ ಪಾಠ: ಒರೆ

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಬಹು ಪ್ರಾಚೀನ ಚಿನ್ನದ ಗಣಿಯ ನೆಲ. ಚಿನ್ನದ ವ್ಯವಹಾರದಲ್ಲಿ ಒರೆಗಲ್ಲು ಯಾರ ಮುಖವನ್ನೂ ನೋಡುವುದಿಲ್ಲ. ತಂದವನು ನೆಂಟನಾದರೂ ಅಕ್ಕಸಾಲಿಗನು ಕಲ್ಲಿಗೆ ತಿಕ್ಕಿಯೇ ನೋಡುತ್ತಾನೆ. ಅದರಿಂದ ಯಾರಿಗೂ ಅವಮಾನವಿಲ್ಲ. 1853ರಲ್ಲಿ ಬ್ರಿಟಿಷರ ವಶಕ್ಕೆ ಹೋದ ರಾಯಚೂರು ದೋಆಬ್ 1860ರಲ್ಲಿ ನಿಜಾಮನಿಗೆ ಮರಳಿತು. ನಿಜಾಮನ ಆಳ್ವಿಕೆಯಲ್ಲಿ ಹಾಲಿ ಸಿಕ್ಕಾ ಮತ್ತು ಕಲ್ದಾರ್ ಎಂಬ ಎರಡು ಬಗೆಯ ರೂಪಾಯಿಗಳಿದ್ದು ಅವುಗಳ ಬೆಲೆ ಬೇರೆಬೇರೆಯಾಗಿತ್ತು. ಕೈಗೆ ಬಂದ ನಾಣ್ಯವನ್ನು ನೋಡಿ ತೆಗೆದುಕೊಳ್ಳುವುದು ಅಂದಿನ ವ್ಯಾಪಾರಸ್ಥನಿಗೆ ಅನಿವಾರ್ಯವಾಗಿತ್ತು. ಸರ್ಕಾರವೂ ಇದೇ ಮಾರ್ಗವನ್ನು ಹಿಡಿದು, ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ ಮುದ್ರೆಯನ್ನು 2021ರ ಜೂನ್ ತಿಂಗಳಿನಿಂದ ಹಂತಹಂತವಾಗಿ ಕಡ್ಡಾಯಗೊಳಿಸಿತು.

ಹೆಸರು ತಿಳಿದ ಮೇಲೂ ಸರಕನ್ನು ಒರೆಗೆ ಹಚ್ಚಬೇಕು. ಪೂರೈಕೆದಾರನು ತಾನಾಗಿ ಕಳುಹಿಸಿದ ಮಾದರಿ ಸಾಲದು. ತೋರಿಸಲೆಂದೇ ಆರಿಸಿದ ಮಾದರಿ ಉತ್ತಮವಾಗಿಯೇ ಇರುತ್ತದೆ. ಸಾಮಾನ್ಯ ಗಿರಾಕಿಯಂತೆ ಬಂಧುಗಳ ಮನೆಯ ವಿಳಾಸಕ್ಕೆ ಹಣ ಕೊಟ್ಟು ತರಿಸಿ ನೋಡಬೇಕು. ಚಿತ್ರದ ಬಣ್ಣಕ್ಕೂ ಬಟ್ಟೆಯ ಬಣ್ಣಕ್ಕೂ ತಾಳೆಯಿದೆಯೇ, ಒಮ್ಮೆ ಒಗೆದರೆ ಉಳಿಯುತ್ತದೆಯೇ, ಹೇಳಿದ ದಿನಕ್ಕೆ ತಲುಪಿತೇ, ಮರಳಿಸಿದರೆ ಹಣ ಎಷ್ಟು ದಿನಕ್ಕೆ ಬಂದಿತು ಎಂಬುದನ್ನೆಲ್ಲ ಬರೆದಿಡಬೇಕು. ಮೊದಲ ಕೆಲವು ತಿಂಗಳು ಚೆನ್ನಾಗಿ ಕಳುಹಿಸಿ ಬಳಿಕ ಗುಣಮಟ್ಟವನ್ನು ಇಳಿಸುವವರೂ ಉಂಟಾದ್ದರಿಂದ ಈ ಪರೀಕ್ಷೆ ಆಗಾಗ ನಡೆಯಬೇಕು.

ಜೈನನಿಗೆ ಇನ್ನೊಂದು ಒರೆಯೂ ಇದೆ. ದಂತವಾಣಿಜ್ಯ, ಲಾಕ್ಷಾವಾಣಿಜ್ಯ ಮುಂತಾದ ಹಿಂಸಾಮೂಲವಾದ ವ್ಯಾಪಾರಗಳನ್ನು ಶ್ರಾವಕಾಚಾರ ಗ್ರಂಥಗಳು ವರ್ಜಿಸಿವೆ. ಸಾವಿರ ಚಿತ್ರಗಳ ಪಟ್ಟಿಯನ್ನು ಒಮ್ಮೆಗೇ ತನ್ನ ಅಂಗಡಿಗೆ ಏರಿಸಿಕೊಂಡವನಿಗೆ ಅದರಲ್ಲಿ ಚರ್ಮದ ಕೈಚೀಲವಿದೆಯೋ ಜೇನುತುಪ್ಪವಿದೆಯೋ ಪ್ರಾಣಿಗಳ ಕೂದಲಿನ ಕುಂಚವಿದೆಯೋ ತಿಳಿಯದು. ಪ್ರತಿಯೊಂದು ವಸ್ತು ಯಾವುದರಿಂದ ಆದುದೆಂದು ಪೂರೈಕೆದಾರನಿಂದ ಬರಹದಲ್ಲಿ ಪಡೆಯಬೇಕು. ಉತ್ತರ ಬಾರದ ವಸ್ತುವನ್ನು ಪಟ್ಟಿಯಿಂದ ತೆಗೆಯಬೇಕು.

ಸಿಂಧನೂರಿನ ಪಾಠ: ತೂಕ

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತು, ಎಡದಂಡೆಯ ಕಾಲುವೆ ಹರಿದ ಮೇಲೆ ಸಿಂಧನೂರು ಜೋಳ-ಹತ್ತಿಯ ಒಣಸೀಮೆಯಿಂದ ಭತ್ತದ ನಾಡಾಯಿತು. ಅಕ್ಕಿ ಗಿರಣಿಗಳೂ ದಲಾಲಿ ಅಂಗಡಿಗಳೂ ಬೆಳೆದವು. ದಲಾಲನೂ ತನ್ನದಲ್ಲದ ಸರಕನ್ನು ಮಾರುವವನೇ. ರೈತನ ಚೀಲ ಗಿರಣಿಗೆ ಹೋಗುತ್ತದೆ. ದಲಾಲನ ಕೈಗೆ ಬರುವುದು ಅವನ ದಲಾಲಿ ಮಾತ್ರ. ಆದರೂ ತೂಕದಲ್ಲಿ ವ್ಯತ್ಯಾಸ ಬಂದರೆ, ಹಣ ತಡವಾದರೆ ರೈತನು ಬಂದು ನಿಲ್ಲುವುದು ದಲಾಲನ ಅಂಗಡಿಯ ಮುಂದೆಯೇ.

ಈ ಹೊಣೆಯನ್ನು ಬರಿಯ ಮಾತಿಗೆ ಬಿಡಲಾಗದೆಂದು ಅರಿತೇ ಹೈದರಾಬಾದ್ ಸಂಸ್ಥಾನವು 1930ರಲ್ಲಿ ಕೃಷಿ ಮಾರುಕಟ್ಟೆಗಳ ಕಾನೂನನ್ನು ತಂದಿತು. ಮೈಸೂರು ರಾಜ್ಯದಲ್ಲಿ ಏಕೀಕರಣದ ನಂತರ 1966ರ ಕಾಯಿದೆ ಬಂದಿತು. 1958ರಿಂದ ಮೆಟ್ರಿಕ್ ತೂಕಗಳು ಜಾರಿಗೆ ಬಂದು, ಊರಿಗೊಂದು ಬಗೆಯ ಮಣ-ಸೇರುಗಳ ಗೊಂದಲ ಕ್ರಮೇಣ ಅಳಿಯಿತು.

ಅಂತರ್ಜಾಲದ ವ್ಯಾಪಾರಕ್ಕೂ ಇಂತಹ ಕಟ್ಟಳೆ ಬಂದಿದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ, ಸರಕು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ವರ್ಣಿಸಿದಂತೆ ಇಲ್ಲದಿದ್ದರೆ ಮಾರಾಟಗಾರನು ಅದನ್ನು ಮರಳಿ ಪಡೆಯಲು ನಿರಾಕರಿಸುವಂತಿಲ್ಲ. ದೂರು ಬಂದ 48 ಗಂಟೆಗಳಲ್ಲಿ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಪೂಜ್ಯಪಾದರು ಅಂತರಂಗದ ಶುದ್ಧಿಗಾಗಿ ಹೇಳಿದ ಹೊಣೆಯನ್ನೇ ಕಾನೂನು ಗ್ರಾಹಕನ ರಕ್ಷಣೆಗಾಗಿ ಹೇಳಿದೆ.

ಆದ್ದರಿಂದ ಪೂರೈಕೆದಾರನೊಡನೆ ಕರಾರು ಬರಹದಲ್ಲಿರಬೇಕು. ಸರಕು ಎಷ್ಟು ದಿನದಲ್ಲಿ ಹೊರಡಬೇಕು, ಮುಗಿದರೆ ಯಾವಾಗ ತಿಳಿಸಬೇಕು, ಒಡೆದು ಹೋದರೆ ಮರಳಿಸುವ ಸಾಗಾಣಿಕೆಯ ವೆಚ್ಚ ಯಾರದು, ಕಟ್ಟಿನ ಮೇಲೆ ನಿವ್ವಳ ತೂಕವೂ ತಯಾರಕರ ವಿಳಾಸವೂ ಇರುತ್ತವೆಯೇ ಎಂಬುದೆಲ್ಲ ಮೊದಲೇ ನಿಷ್ಕರ್ಷೆಯಾಗಲಿ. ಒಬ್ಬನನ್ನೇ ನೆಚ್ಚದೆ ಒಂದೇ ಸರಕಿಗೆ ಇಬ್ಬರು ಪೂರೈಕೆದಾರರನ್ನು ಇಟ್ಟುಕೊಳ್ಳುವುದು ವಿವೇಕ. ಗಿರಾಕಿಗೂ ಸರಕು ಬೇರೆ ಊರಿನಿಂದ ಬರುತ್ತದೆ, ಇಷ್ಟು ದಿನ ಹಿಡಿಯುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು.

ತೂಕವೆಂದರೆ ಎರಡು ತಟ್ಟೆಗಳದ್ದು. ಪೂರೈಕೆದಾರನಿಗೂ ನ್ಯಾಯ ಸಲ್ಲಬೇಕು. ಮುಂಬಯಿಯಲ್ಲಿ ರತ್ನವ್ಯಾಪಾರಿಯಾಗಿದ್ದ ಶ್ರೀಮದ್ ರಾಜಚಂದ್ರರ (1867–1901) ವಿಷಯದಲ್ಲಿ ಒಂದು ಕಥೆ ಹೇಳಿಕೊಂಡು ಬಂದಿದ್ದಾರೆ. ಗೊತ್ತಾದ ಬೆಲೆಗೆ ವಜ್ರಗಳನ್ನು ಕೊಡಲು ಒಪ್ಪಿದ್ದ ವ್ಯಾಪಾರಿಯೊಬ್ಬನು ಬೆಲೆ ಏರಿ ನಾಶವಾಗುವ ಸ್ಥಿತಿಗೆ ಬಂದಾಗ, ರಾಜಚಂದ್ರರು ಆ ಕರಾರುಪತ್ರವನ್ನೇ ಹರಿದುಹಾಕಿದರಂತೆ. ಬೆಲೆಯನ್ನು ಹಿಂಡಿ ಹಿಂಡಿ ಇಳಿಸಿದರೆ ಪೂರೈಕೆದಾರನು ಆ ನಷ್ಟವನ್ನು ನೂಲಿನಲ್ಲೋ ತೂಕದಲ್ಲೋ ತುಂಬಿಕೊಳ್ಳಲು ಹವಣಿಸುತ್ತಾನೆ. ಆಗ ಪ್ರತಿರೂಪಕಕ್ಕೆ ಪ್ರೇರಣೆ ಕೊಟ್ಟವನೂ ಶ್ರಾವಕನೇ ಆಗುತ್ತಾನೆ.

ಬಸದಿಯ ಬಾಗಿಲಿನಲ್ಲಿ

ಈ ವಿಚಾರ ವ್ಯಾಪಾರಸ್ಥರಿಗಷ್ಟೇ ಸಂಬಂಧಿಸಿದ್ದಲ್ಲ. ಕೇಸರಿ, ಶ್ರೀಗಂಧ, ಪೂಜಾವಸ್ತ್ರಗಳನ್ನು ಅಂತರ್ಜಾಲದ ಅಂಗಡಿಗಳಿಂದ ತರಿಸಲು ಬಸದಿಯ ಟ್ರಸ್ಟುಗಳಿಗೂ ಇಂದು ಅವಕಾಶವಿದೆ. ಬಣ್ಣ ಹಚ್ಚಿದ ನಾರನ್ನು ಕೇಸರಿಯೆಂದು ಕಳುಹಿಸುವ ಪೂರೈಕೆದಾರನೊಬ್ಬನ ಸರಕನ್ನು ಒಬ್ಬ ಜೈನ ತರುಣನು ನೋಡದೆ ಮಾರಿದನೆಂದು ಭಾವಿಸೋಣ. ಟ್ರಸ್ಟಿನವರು ತಮ್ಮವನೆಂಬ ವಿಶ್ವಾಸದಿಂದ ಕೊಂಡರು. ಅದು ಅಭಿಷೇಕದ ಕಲಶವನ್ನು ಸೇರಿತು. ಯಾರೂ ಬೇಕೆಂದು ಮೋಸ ಮಾಡಲಿಲ್ಲ. ಆದರೂ ಭಕ್ತರು ಕೊಟ್ಟ ಕಾಣಿಕೆಯಿಂದ ಜಿನಬಿಂಬಕ್ಕೆ ಸಂದದ್ದು ಸುಳ್ಳು. ತರುಣನು ಒಮ್ಮೆ ತರಿಸಿ ಪರೀಕ್ಷಿಸಿದ್ದರೆ, ಟ್ರಸ್ಟಿನವರು ಕಟ್ಟಿನ ಮೇಲೆ ಆಹಾರ ಪರವಾನಗಿಯ ಹದಿನಾಲ್ಕು ಅಂಕಿಗಳನ್ನು ಹುಡುಕಿ ಬಿಲ್ಲು ಕೇಳಿದ್ದರೆ, ಅದು ತಪ್ಪುತ್ತಿತ್ತು.

ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಗೃಹಸ್ಥನ ಮೂವತ್ತೈದು ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಸಂಪತ್ತನ್ನೇ ಮೊದಲಿಗೆ ಇಟ್ಟಿದ್ದಾರೆ. ದಾನ, ಪೂಜೆ, ತೀರ್ಥಯಾತ್ರೆಗಳೆಲ್ಲ ಆ ಸಂಪತ್ತಿನಿಂದಲೇ ನಡೆಯಬೇಕಾದವು. ಸರಕು ಗೋದಾಮಿನಲ್ಲಿರಲಿ, ದೂರದ ಊರಿನಲ್ಲಿರಲಿ, ಅದನ್ನು ಮಾರುವ ಶ್ರಾವಕನು ಕಳುಹಿಸುವವನ ಹೆಸರನ್ನು ಅರಿತು, ಸರಕನ್ನು ಒರೆಗೆ ಹಚ್ಚಿ, ಎರಡೂ ತಟ್ಟೆಗಳನ್ನು ಸಮವಾಗಿ ಹಿಡಿಯಲಿ. ಗಿರಾಕಿ ಕಟ್ಟನ್ನು ಬಿಚ್ಚುವಾಗ ಮಾರಿದವನು ಅಲ್ಲಿರುವುದಿಲ್ಲ. ಅವನ ವ್ರತ ಅಲ್ಲಿರುತ್ತದೆ.