ರೋಟರಿ ಎಂಜಿನ್: ತಲೆಮಾರುಗಳ ಬಿಡಿಭಾಗಗಳ ಬೆರಕೆ

ಮಜ್ದಾ ಕಾರುಗಳ ರೋಟರಿ ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟುವಾಗ ಒಂದು ಕಾಲದ ರೋಟರ್ (ಒಳಗೆ ತಿರುಗುವ ಮೂರು ಮೂಲೆಯ ಭಾಗ), ಇನ್ನೊಂದು ಕಾಲದ ಹೌಸಿಂಗ್ (ಅದರ ಕವಚ), ಮತ್ತೊಂದರ ಕೌಂಟರ್‌ವೇಟ್ (ಸಮತೋಲನದ ತೂಕ) ಕೂಡಿಸಿ ಒಂದೇ ಎಂಜಿನ್ ಮಾಡುವ ರೂಢಿಯಿದೆ. ಇದು ಬೆಳೆದದ್ದು ಹೆಚ್ಚಾಗಿ ಜಪಾನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪೋರ್ಟೊರಿಕೊ ಮತ್ತು ಅಮೆರಿಕದ ರೇಸಿಂಗ್ ವರ್ಕ್‌ಶಾಪ್‌ಗಳಲ್ಲಿ.

ಪಿಸ್ಟನ್ ಇಲ್ಲದ ಈ ಎಂಜಿನ್ನಿನ ಮೂಲಪುರುಷ ಜರ್ಮನಿಯ ಫೆಲಿಕ್ಸ್ ವಾಂಕೆಲ್. ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಅವನ ಮೊದಲ ಮಾದರಿ ಓಡಿತು. ಹಿರೋಷಿಮಾದ ಟೊಯೊ ಕೊಗ್ಯೊ, ಅಂದರೆ ಇಂದಿನ ಮಜ್ದಾ, 1961ರಲ್ಲಿ ಪರವಾನಗಿ ಪಡೆಯಿತು. ಕೆನಿಚಿ ಯಮಮೊಟೊ ನೇತೃತ್ವದ 47 ಎಂಜಿನಿಯರುಗಳ ತಂಡಕ್ಕೆ ಎದುರಾದ ದೊಡ್ಡ ತೊಡಕು ಹೌಸಿಂಗ್ ಒಳಮೈಯಲ್ಲಿ ರೋಟರಿನ ಮೂಲೆಯ ಸೀಲುಗಳು ಗೀಚುತ್ತಿದ್ದ ಅಲೆಯಂಥ ಗುರುತು. ಅದನ್ನು ಅವರು ‘ದೆವ್ವದ ಉಗುರಿನ ಗೀರು’ ಎನ್ನುತ್ತಿದ್ದರು. ಅಲ್ಯೂಮಿನಿಯಂ ಊಡಿಸಿದ ಇಂಗಾಲದ ಸೀಲುಗಳು ಆ ಗೀರನ್ನು ನಿಲ್ಲಿಸಿದವು. 1967ರ ಮೇ ತಿಂಗಳಲ್ಲಿ ಕಾಸ್ಮೊ ಸ್ಪೋರ್ಟ್ ಮಾರುಕಟ್ಟೆಗೆ ಬಂತು.

ಬೆರಕೆ ಸಾಧ್ಯವಾಗಿದ್ದು ಆ ಕಾರಿನ 10ಎ ಎಂಜಿನ್ನಿನಲ್ಲಿ ನಿಶ್ಚಯವಾದ ಎರಡು ಅಳತೆಗಳಿಂದ. ರೋಟರಿನ ನಡುವಿನಿಂದ ಮೂಲೆಗೆ 105 ಮಿ.ಮೀ., ಶಾಫ್ಟಿನ ಉತ್ಕೇಂದ್ರತೆ (ನಡುವಿನಿಂದ ಸರಿದಿರುವ ದೂರ) 15 ಮಿ.ಮೀ. ಹೌಸಿಂಗ್ ಒಳಗಿನ ಎಂಟರಾಕಾರದ ಬಾಗು ಈ ಎರಡರಿಂದಲೇ ಹುಟ್ಟುತ್ತದೆ. ಶಕ್ತಿ ಹೆಚ್ಚು ಬೇಕಾದಾಗ ಮಜ್ದಾ ಬಾಗನ್ನು ಮುಟ್ಟದೆ ರೋಟರನ್ನು ದಪ್ಪ ಮಾಡುತ್ತ ಹೋಯಿತು: 10ಎಯಲ್ಲಿ 60 ಮಿ.ಮೀ., 12ಎಯಲ್ಲಿ 70, 13ಬಿಯಲ್ಲಿ 80. ಎರಡು ರೋಟರುಗಳ ಒಟ್ಟು ಸಾಮರ್ಥ್ಯ ಕ್ರಮವಾಗಿ 982, 1146, 1308 ಸಿಸಿ ಆಯಿತು. ಮುಂಚಕ್ರ ಚಾಲನೆಯ ಲೂಚೆ ಕಾರಿಗಾಗಿ 1969ರಲ್ಲಿ ಮಾಡಿದ 13ಎ ಮಾತ್ರ ಬೇರೆ ಬಾಗಿನದು. ಹೆಸರು ಹತ್ತಿರವಿದ್ದರೂ ಅದರ ರೋಟರು 13ಬಿಯೊಳಗೆ ಕೂರುವುದಿಲ್ಲ.

ಬಾಗು ಉಳಿಯಿತು, ಅದರ ಸುತ್ತಲಿನದು ಬದಲಾಗುತ್ತ ಬಂತು. ಕೆಲಸಗಾರನ ಕೈ ಸುಡುವುದು ಇಲ್ಲಿಯೇ. ಮೂಲೆಯ ಅಪೆಕ್ಸ್ ಸೀಲು ಕಾಸ್ಮೊದಲ್ಲಿ 6 ಮಿ.ಮೀ. ದಪ್ಪವಿತ್ತು. ಮೊದಲ ಆರ್‌ಎಕ್ಸ್-7 ಕಾರಿನ ಹೊತ್ತಿಗೆ ಅದು 3 ಮಿ.ಮೀ. ಲೋಹದ ಸೀಲಾಗಿತ್ತು, 1986ರ ಮಾದರಿಯಿಂದ 2 ಮಿ.ಮೀ. ಆಯಿತು. ಹೊಸ ರೋಟರಿನಲ್ಲಿ ಸೀಲು ಕೂರುವ ತೋಡನ್ನು 3 ಮಿ.ಮೀ.ಗೆ ಅಗಲ ಮಾಡಿಸಿಕೊಳ್ಳುವುದು ರೇಸಿನವರ ಹಳೆಯ ಅಭ್ಯಾಸ, ಆದರೆ ಅಗಲವಾದ ತೋಡು ಮತ್ತೆ ಕಿರಿದಾಗದು.

ಇದಕ್ಕಿಂತ ಅಪಾಯದ್ದು ಎಂಜಿನ್ ತಂಪಾಗಿಸುವ ನೀರನ್ನು ತಡೆಯುವ ಸೀಲು. 1985ರವರೆಗಿನ 13ಬಿಯಲ್ಲಿ ಇದರ ತೋಡು ಅಲ್ಯೂಮಿನಿಯಂ ರೋಟರ್ ಹೌಸಿಂಗಿನಲ್ಲಿತ್ತು; 1986ರಿಂದ ಅದು ಬದಿಯ ಎರಕದ ಕಬ್ಬಿಣದ ಹೌಸಿಂಗಿಗೆ ಹೋಯಿತು. ಹಳೆಯ ಬದಿಗೆ ಹೊಸ ರೋಟರ್ ಹೌಸಿಂಗ್ ಒತ್ತಿದರೆ ಎರಡೂ ಕಡೆ ಚಪ್ಪಟೆ, ಸೀಲಿಗೆ ಜಾಗವೇ ಇಲ್ಲ. ಅದಲುಬದಲು ಮಾಡಿದರೆ ಎರಡೂ ಕಡೆ ತೋಡು, ಸೀಲು ಬಿಗಿಯಾಗಿ ಒತ್ತಿಕೊಳ್ಳುವುದಿಲ್ಲ. ನೋಡಲು ಎಲ್ಲ ಬೋಲ್ಟು ತೂತುಗಳೂ ಕೂಡುತ್ತವೆ, ನೀರು ಮಾತ್ರ ದಹನದ ಕೋಣೆಗೆ ಇಳಿಯುತ್ತದೆ.

ಜನಪ್ರಿಯವಾದ ಬೆರಕೆ ಎರಡನೆಯ ತಲೆಮಾರಿನ ಆರ್‌ಎಕ್ಸ್-7ರದು. ಅದರ ಟರ್ಬೊ ಎಂಜಿನ್ನಿನ ಸಂಪೀಡನ ಮೊದಲು 8.5:1 ಇದ್ದು, 1989ರ ಮಾದರಿಯಲ್ಲಿ 9.0:1 ಆಯಿತು. ಟರ್ಬೊ ಇಲ್ಲದ 1989ರ ಎಂಜಿನ್ನಿನದು 9.7:1. ಕೆಳವೇಗದಲ್ಲೂ ಚುರುಕು ಬೇಕೆಂದವರು ಈ 9.7ರ ರೋಟರನ್ನು ಟರ್ಬೊ ಎಂಜಿನ್ನಿಗೆ ಹಾಕಿದರು. ಆದರೆ 1989ರ ರೋಟರುಗಳು ಹಿಂದಿನವಕ್ಕಿಂತ ಹಗುರ. ಶಾಫ್ಟಿನ ಮುಂದಿನ ಹಾಗೂ ಹಿಂದಿನ ಕೌಂಟರ್‌ವೇಟುಗಳು ರೋಟರಿನ ತೂಕಕ್ಕೆ ಹೊಂದಬೇಕು, ಇಲ್ಲವಾದರೆ ಅದುರಾಟ ಬೇರಿಂಗನ್ನು ತಿನ್ನುತ್ತದೆ. ಹಗುರ ಫ್ಲೈವೀಲ್ ಹಾಕುವವರು ತಮ್ಮ ರೋಟರಿನ ಮಾದರಿಯದೇ ಆಟೊಮ್ಯಾಟಿಕ್ ಗೇರ್ ಕಾರಿನ ಹಿಂಬದಿ ಕೌಂಟರ್‌ವೇಟ್ ಹುಡುಕುವುದು ಇದಕ್ಕೇ. ಅದು ಬೇರೆ ತೂಕದ ರೋಟರಿನದಾದರೆ ಉಪಯೋಗವಿಲ್ಲ.

2003ರ ಆರ್‌ಎಕ್ಸ್-8ರಲ್ಲಿ ಬಂದ ರೆನೆಸಿಸ್ ಎಂಜಿನ್ ಕೂಡ 105 ಮತ್ತು 15ರ ಬಾಗಿನದೇ, ಆದರೆ ಹೊಗೆಯ ಬಾಗಿಲನ್ನು ರೋಟರ್ ಹೌಸಿಂಗಿನಿಂದ ಬದಿಯ ಹೌಸಿಂಗಿಗೆ ಸರಿಸಿತು. ಹಾಗಾಗಿ ಅದರ ರೋಟರ್ ಹೌಸಿಂಗನ್ನು ಹಳೆಯ ಬದಿಗಳ ನಡುವೆ ಇಟ್ಟರೆ ಹೊಗೆಗೆ ದಾರಿಯೇ ಇರುವುದಿಲ್ಲ. 10.0:1 ಸಂಪೀಡನದ ಅದರ ರೋಟರಿಗೆ ಬೇಡಿಕೆಯಿದೆ, ಆದರೆ ಅದರ ಬದಿಯ ಸೀಲು ಬೆಣೆಯಾಕಾರದ್ದು. ಹಳೆಯ ಚೌಕ ಸೀಲು ಅದಕ್ಕೆ ಆಗದು.

ಏನೇ ಬೆರೆಸಿದರೂ ಕೊನೆಗೆ ಶಾಫ್ಟಿನ ಹಿಂದೆ-ಮುಂದಿನ ಸಡಿಲವನ್ನು ಡಯಲ್ ಗೇಜಿನಿಂದ ಅಳೆಯಲೇಬೇಕು. ಮಜ್ದಾ ಹೇಳುವುದು 0.04ರಿಂದ 0.07 ಮಿ.ಮೀ. ಮುಂಭಾಗದ ಬೇರಿಂಗುಗಳ ನಡುವಿನ ಸ್ಪೇಸರ್ ಬದಲಿಸಿ ಅದನ್ನು ಹೊಂದಿಸುತ್ತಾರೆ. ಹಳೆಯ ಎಂಜಿನ್ನಿನ ಸ್ಪೇಸರನ್ನು ಅಳೆಯದೆ ಮತ್ತೆ ಹಾಕುವುದು ಬರಿಯ ಊಹೆ, ಕೆಲಸವಲ್ಲ.

ಅದೇ ಬಾಗು ಲೆ ಮಾನ್ಸ್ ರೇಸಿನ ತನಕ ಹೋಯಿತು: 1991ರಲ್ಲಿ ಗೆದ್ದ 787ಬಿ ಕಾರಿನ ನಾಲ್ಕು ರೋಟರುಗಳೂ 654 ಸಿಸಿಯವೇ. ಆರ್‌ಎಕ್ಸ್-8ರ ತಯಾರಿಕೆ 2012ರಲ್ಲಿ ನಿಂತಿತು. 2023ರಲ್ಲಿ ಎಂಎಕ್ಸ್-30 ಕಾರಿಗೆ ಬಂದ 8ಸಿ ಎಂಜಿನ್ನಿನ ರೋಟರು ನಡುವಿನಿಂದ ಮೂಲೆಗೆ 120 ಮಿ.ಮೀ., ದಪ್ಪ 76 ಮಿ.ಮೀ., ಸೀಲು 2.5 ಮಿ.ಮೀ. ಅದರ ರೋಟರಾಗಲಿ ಹೌಸಿಂಗಾಗಲಿ ಹಿಂದಿನ ಯಾವ 13ಬಿಗೂ ಹೊಂದುವುದಿಲ್ಲ.