ಕುಡಿಯದವರಿಗೂ ಲಿವರ್ ಕಾಯಿಲೆ

1978ರಲ್ಲಿ ಕೆ.ಜಿ.ಎಫ್.ನಲ್ಲಿ ಹೆರಿಗೆಯಾದಾಗ ನಮ್ಮ ಚಿಕ್ಕಮ್ಮನಿಗೆ ಯಾರೋ ಪುಣ್ಯಾತ್ಮರ ರಕ್ತ ಏರಿಸಿದರು. ತಾಯಿ, ಮಗು ಇಬ್ಬರೂ ಉಳಿದರು. ಚಿನ್ನದ ಗಣಿ ಮುಚ್ಚಿದ 2001ರಲ್ಲೇ ಚಿಕ್ಕಮ್ಮ ಬಂಗಾರಪೇಟೆಯ ಮನೆಯಲ್ಲಿ ಲಿವರ್ ಕ್ಯಾನ್ಸರಿನಿಂದ ತೀರಿಕೊಂಡರು. ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಕಂಡಿತ್ತು. "ಕುಡಿಯದವಳಿಗೆ ಇದೇಕೆ ಬಂತು?" ಎಂದು ನೆಂಟರು ಗುಸುಗುಸು ಮಾಡಿದರು.

ಈ ವೈರಸ್ ಪತ್ತೆಯಾದದ್ದೇ 1989ರಲ್ಲಿ. ರಕ್ತ ಕೊಟ್ಟವರದೂ ತಪ್ಪಲ್ಲ, ಪಡೆದವರದೂ ಅಲ್ಲ. ಗಣಿಯ ದೂಳು ವರ್ಷಗಟ್ಟಲೆ ಶ್ವಾಸಕೋಶದಲ್ಲಿ ಕೂತು ಕಾಡುವುದನ್ನು ನಮ್ಮ ಊರು ಬಲ್ಲದು. ಇದೂ ಹಾಗೆಯೇ: ಎರಡು ಮೂರು ದಶಕ ಸದ್ದಿಲ್ಲದೆ ಲಿವರನ್ನು ಗಟ್ಟಿಮಾಡಿ, ಕೆಲವರಲ್ಲಿ ಕ್ಯಾನ್ಸರಿಗೆ ದಾರಿಮಾಡುತ್ತದೆ.

2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಉಚಿತ. ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ಬಹುತೇಕರು ಗುಣವಾಗುತ್ತಾರೆ. ಹಿಂದೆಂದೋ ರಕ್ತ ಏರಿಸಿಕೊಂಡ ಅಕ್ಕತಂಗಿಯರೇ, ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಚಿಕ್ಕಮ್ಮನಿಗೆ ಆ ಅವಕಾಶ ಸಿಗಲಿಲ್ಲ.