ಗೋಡೆಗೆ ಇಳಿದ ಛಾವಣಿ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಬೀಳುವುದು 800ರ ಆಸುಪಾಸು. ಆದರೂ ಮಲೆನಾಡಿನ ಮಣ್ಣಿನ ಗೋಡೆ ತಲೆಮಾರುಗಟ್ಟಲೆ ನಿಂತಿದೆ, ರೇಕ್ಯಾವಿಕ್‌ನಲ್ಲಿ ಒಳ್ಳೆಯ ಮರದ ಗೋಡೆಗೂ ಮೇಲೊಂದು ಅಂಗಿ ತೊಡಿಸಬೇಕಾಯಿತು. ಮಳೆ ಎಷ್ಟು ಬೀಳುತ್ತದೆ ಎನ್ನುವುದಕ್ಕಿಂತ ಯಾವ ಕಡೆಯಿಂದ ಬರುತ್ತದೆ ಎನ್ನುವುದೇ ಗೋಡೆಗೆ ಮುಖ್ಯ.

ನಮ್ಮಲ್ಲಿ ಮಳೆಯನ್ನು ತಡೆಯುವ ಕೆಲಸವನ್ನು ಸೂರು ಮಾಡುತ್ತದೆ. ಮಾಡನ್ನು ಗೋಡೆಯಿಂದ ನಾಲ್ಕಾರು ಅಡಿ ಮುಂದಕ್ಕೆ ಚಾಚಿ, ಅದರ ನೆರಳಲ್ಲಿ ಜಗಲಿ ಮಾಡಿಕೊಂಡರೆ ಗೋಡೆ ಒಣಗಿಯೇ ಇರುತ್ತದೆ. ಪಡುವಣ ಗಾಳಿಗೆ ಇರಚಲು ಹೊಡೆಯುವ ಕಡೆ ಮಳೆಗಾಲಕ್ಕೊಂದು ತಟ್ಟಿ ಕಟ್ಟುತ್ತಾರೆ, ಮಳೆ ಮುಗಿದ ಮೇಲೆ ಬಿಚ್ಚುತ್ತಾರೆ. ಗೋಡೆಗೆ ಶಾಶ್ವತವಾಗಿ ಹೊದಿಸುವ ಹೊರಮೈಗೆ ಕನ್ನಡದಲ್ಲಿ ಒಂದು ಹಳೆಯ, ಬಳಕೆಯ ಪದವನ್ನು ಅನುವಾದದ ಕೆಲಸದಲ್ಲಿ ಹಲವು ಸಲ ಹುಡುಕಿದ್ದೇನೆ, ಸಿಕ್ಕಿಲ್ಲ. ಬೇಕಾಗಿರಲಿಲ್ಲ ಎಂದುಕೊಳ್ಳುತ್ತೇನೆ.

ಐಸ್‌ಲ್ಯಾಂಡಿನಲ್ಲಿ ಸೂರು ಚಾಚುವ ಹಾಗಿಲ್ಲ. ಉತ್ತರ ಅಟ್ಲಾಂಟಿಕ್‌ನ ಬಿರುಗಾಳಿ ಅದರ ಕೆಳಗೆ ಕೈಹಾಕಿ ಇಡೀ ಮಾಡನ್ನೇ ಎತ್ತಿಬಿಡುತ್ತದೆ. ಮಳೆ ಅಡ್ಡಡ್ಡ ಬರುತ್ತದೆ, ಜೊತೆಗೆ ಸಮುದ್ರದ ಉಪ್ಪನ್ನೂ ತರುತ್ತದೆ. ರೇಕ್ಯಾವಿಕ್‌ನ ಚಳಿಗಾಲದ ಉಷ್ಣತೆ ಸೊನ್ನೆಯ ಆಚೀಚೆ ತೂಗಾಡುವುದರಿಂದ ಗೋಡೆಯೊಳಗೆ ಇಳಿದ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುತ್ತದೆ. ಒಂದೇ ಸಮನೆ ಕೊರೆಯುವ ಚಳಿಗಿಂತ ಗೋಡೆಗೆ ಇದು ಹೆಚ್ಚು ಅಪಾಯ.

ಸಾವಿರ ವರ್ಷ ಅಲ್ಲಿನವರು ಇದಕ್ಕೆ ಕೊಟ್ಟ ಉತ್ತರ ಹುಲ್ಲುಹೆಂಟೆ. ಬೇರುಸಮೇತ ಕತ್ತರಿಸಿದ ಹುಲ್ಲುನೆಲದ ಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿ ದಪ್ಪನೆಯ ಗೋಡೆ ಕಟ್ಟುತ್ತಿದ್ದರು. ಬೆಚ್ಚಗಿನ ಮನೆಯೇನೋ ಹೌದು, ಆದರೆ ತೇವ, ಕತ್ತಲೆ. ಕೆಲವು ದಶಕಗಳಿಗೊಮ್ಮೆ ಮರುಕಟ್ಟುವ ಕೆಲಸ ಬೇರೆ. ಮರದ ಮನೆ ಕಟ್ಟೋಣವೆಂದರೆ ಕಾಡು ಎಂದೋ ಬರಿದಾಗಿತ್ತು, ಹಲಗೆ ಹೊರದೇಶದಿಂದ ಬರಬೇಕಿತ್ತು.

ತಗಡು ಬಂದದ್ದು ಬ್ರಿಟನ್ನಿನಿಂದ. 1829ರಲ್ಲಿ ಲಂಡನ್ ಹಡಗುಕಟ್ಟೆಯ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ ಕಬ್ಬಿಣದ ತೆಳು ತಗಡನ್ನು ಅಲೆಅಲೆಯಾಗಿ ಮಡಿಸುವುದಕ್ಕೆ ಪೇಟೆಂಟ್ ಪಡೆದ. ಮಡಿಕೆ ಬಿದ್ದ ತಗಡಿಗೆ ತನ್ನ ತೂಕಕ್ಕೆ ಮೀರಿದ ಬಿಗುವು ಬರುತ್ತದೆ. 1837ರಲ್ಲಿ ಫ್ರಾನ್ಸಿನ ಸೋರೆಲ್ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದ, ತುಕ್ಕಿನ ಚಿಂತೆ ಕಡಿಮೆಯಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಐಸ್‌ಲ್ಯಾಂಡಿನಿಂದ ಜೀವಂತ ಕುರಿಗಳು ಬ್ರಿಟನ್ನಿಗೆ ಹೋಗುತ್ತಿದ್ದವು, ಆ ವ್ಯಾಪಾರದ ಬೆನ್ನಿಗೆ ಈ ತಗಡೂ ಅಲ್ಲಿಗೆ ತಲುಪಿತು. ಮೊದಲು ಮಾಡಿಗೆ, ಆಮೇಲೆ ಗೋಡೆಗೆ. ನಾರ್ವೆಯಿಂದ ಬಿಡಿಭಾಗಗಳಾಗಿ ಬಂದ ಸೊಗಸಾದ ಮರದ ಮನೆಗಳಿಗೂ ಇದನ್ನೇ ಹೊದಿಸಿದರು. ಚಾಚಲಾಗದ ಸೂರು ಕೆಳಗಿಳಿದು ಗೋಡೆಯನ್ನೇ ತಬ್ಬಿಕೊಂಡ ಹಾಗೆ.

ಅದೇ ಹೊತ್ತಿಗೆ ಬ್ರಿಟಿಷ್ ಸಾಮ್ರಾಜ್ಯದುದ್ದಕ್ಕೂ ಇಂಥ ತಗಡು ಹರಡಿತ್ತು. ಕೋಲಾರದ ಚಿನ್ನದ ಗಣಿಯಲ್ಲೂ ತಗಡಿನ ಶೆಡ್ಡುಗಳು ಎದ್ದವು. ಆದರೆ ನಮ್ಮಲ್ಲಿ ತಗಡಿನ ಮನೆ ಅಂದರೆ ಬಡವರ ಮನೆ. ಹುಬ್ಬಳ್ಳಿಯ ಪತ್ರಾಸ್ ಇರಲಿ, ಮುಂಬಯಿಯ ಪತ್ರಾ ಚಾಳ್ ಇರಲಿ, ಪದ ಕಿವಿಗೆ ಬಿದ್ದೊಡನೆ ಬಾಡಿಗೆ ಎಷ್ಟಿರಬಹುದೆಂದು ಅಂದಾಜಾಗಿಬಿಡುತ್ತದೆ. ಐಸ್‌ಲ್ಯಾಂಡಿನವರು ಅದನ್ನು ಕರೆದದ್ದು ಬೌರುಯಾರ್ನ್ ಎಂದು. ಬೌರಾ ಎಂದರೆ ಅಲೆ, ಯಾರ್ನ್ ಎಂದರೆ ಕಬ್ಬಿಣ. ಅಲೆಗಬ್ಬಿಣ! ವರ್ತಕರೂ ಅಧಿಕಾರಿಗಳೂ ತಮ್ಮ ಮನೆಗೆ ಅದನ್ನು ತೊಡಿಸಿ, ಕೆಂಪು, ಹಸಿರು, ನೀಲಿ ಬಳಿದರು. ಹೊಸ ಸತುವಿನ ಮೇಲೆ ಬಣ್ಣ ಸರಿಯಾಗಿ ಕೂರದು, ಕೆಲವು ವರ್ಷ ಬೂದುಬಣ್ಣದಲ್ಲೇ ಬಿಟ್ಟು, ಮಳೆಗಾಳಿಗೆ ಮಾಗಿದ ಮೇಲೆ ಬಳಿಯಬೇಕು.

ಅದು ಕೆಲಸ ಮಾಡುವ ರೀತಿ ಸರಳ. ಅಲೆಗಳು ಮೇಲಿನಿಂದ ಕೆಳಕ್ಕೆ ಇರುವುದರಿಂದ ನೀರು ಸಾಲುಹಿಡಿದು ಇಳಿದುಹೋಗುತ್ತದೆ. ತಗಡಿಗೂ ಹಿಂದಿನ ಹಲಗೆಗೂ ನಡುವೆ ಉಳಿಯುವ ಕಿಂಡಿಗಳಲ್ಲಿ ಗಾಳಿಯಾಡಿ, ಹೇಗೋ ಒಳಬಂದ ತೇವವೂ ಆರುತ್ತದೆ. ಒಂದು ಹಾಳೆ ತುಕ್ಕು ಹಿಡಿದರೆ ಅದೊಂದನ್ನೇ ಬದಲಾಯಿಸಿದರಾಯಿತು. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಹಾರುವ ಕಿಡಿಗೂ ತಡೆ. ಹಾಗಂತ ಒಳಗಿನ ಮರ ಮರವೇ ತಾನೆ. 1915ರ ಏಪ್ರಿಲ್‌ನಲ್ಲಿ ರೇಕ್ಯಾವಿಕ್‌ನ ನಡುಪೇಟೆಗೆ ಬೆಂಕಿ ಬಿದ್ದು ಹನ್ನೆರಡು ಕಟ್ಟಡಗಳು ಸುಟ್ಟುಹೋದವು. ಅಲ್ಲಿಂದಾಚೆ ನಗರ ಕಾಂಕ್ರೀಟಿನ ಕಡೆ ತಿರುಗಿತು. 1930ರ ದಶಕದಲ್ಲಿ ಕಾಂಕ್ರೀಟ್ ಗೋಡೆಗೆ ಸ್ಥಳೀಯ ಕಲ್ಲಿನ ಪುಡಿ ಎರಚಿ ಮೈಗಟ್ಟಿ ಮಾಡುವ ಪದ್ಧತಿಯೂ ಬಂತು. ರಾಷ್ಟ್ರೀಯ ರಂಗಮಂದಿರದ ಕಪ್ಪು ಗೋಡೆಗಳನ್ನು ಅದರಲ್ಲೇ ಮಾಡಿದ್ದು.

ಕಾಂಕ್ರೀಟ್ ಬಂದಮೇಲೆ ತಗಡಿನ ಮನೆಗಳಿಗೆ ಅಲ್ಲೂ ನಮ್ಮಲ್ಲಿನ ಗತಿಯೇ ಬಂತು. ಹಳತು, ಹೀನ ಎನಿಸಿದವು. 1960ರ ದಶಕದ ನಗರ ಯೋಜನೆಯಲ್ಲಿ ಹಳೆಯ ಪೇಟೆಯ ಎಷ್ಟೋ ಮನೆಗಳನ್ನು ಕೆಡವಿ ಅಗಲ ರಸ್ತೆ ಮಾಡುವ ನಕ್ಷೆಯಿತ್ತು. 1972ರಲ್ಲಿ ಹಳೆಯ ಮನೆಗಳನ್ನು ಉಳಿಸಲು ಟೋರ್ಫುಸಮ್ಟೋಕಿನ್ ಎಂಬ ನಾಗರಿಕರ ಸಂಘ ಹುಟ್ಟಿತು. ಮರುವರ್ಷ ಜನರೇ ಬಣ್ಣದ ಡಬ್ಬಿ ಹಿಡಿದು ಬಂದು, ಕೆಡವಬೇಕೆಂದಿದ್ದ ಒಂದು ಸಾಲು ಮರದ ಮನೆಗಳಿಗೆ ಬಣ್ಣ ಬಳಿದರು. ಆ ಸಾಲು ಉಳಿಯಿತು.

ಆ ಹೊತ್ತಿಗೆ ಕಾಂಕ್ರೀಟಿನ ಕಥೆ ಕೆಡತೊಡಗಿತ್ತು. ಐಸ್‌ಲ್ಯಾಂಡಿನ ಸಿಮೆಂಟಿನಲ್ಲಿ ಕ್ಷಾರ ಹೆಚ್ಚಿತ್ತು. ಅದಕ್ಕೆ ಬೆರೆಸಿದ್ದು ಸಮುದ್ರದಿಂದ ತೋಡಿದ ಉಪ್ಪಿನಂಶದ ಜಲ್ಲಿ. ಅಡ್ಡಮಳೆಯ ನೀರು ಒಳಗಿಳಿದಾಗ ಕ್ಷಾರವೂ ಕಲ್ಲಿನ ಸಿಲಿಕಾವೂ ಸೇರಿ ಉಬ್ಬಿ, 1960, 70ರ ದಶಕಗಳ ಮನೆಗಳ ಗೋಡೆ ಜೇಡರಬಲೆಯಂತೆ ಬಿರುಕುಬಿಟ್ಟಿತು. 1979ರಿಂದ ಸಿಮೆಂಟಿಗೆ ಸೂಕ್ಷ್ಮ ಸಿಲಿಕಾ ಪುಡಿ ಬೆರೆಸಿ ಹೊಸ ಮನೆಗಳನ್ನು ಉಳಿಸಿಕೊಂಡರು. ಬಿರುಕುಬಿಟ್ಟ ಹಳೆಯ ಮನೆಗಳಿಗೆ ನೀರು ತಾಕದಂತೆ ಮಾಡುವುದೇ ದಾರಿ. ಹಾಗಾಗಿ ಎಷ್ಟೋ ಕಾಂಕ್ರೀಟ್ ಮನೆಗಳ ಮಳೆ ಹೊಡೆಯುವ ಗೋಡೆಗಳಿಗೆ ಪಟ್ಟಿ ಬಡಿದು, ಮೇಲೆ ಅಲೆಅಲೆಯ ತಗಡನ್ನೇ ಹೊದಿಸಿದರು.